ಆಡಿಗೆ ಸೂಜಿ, ಊರಿಗೆ ಒಂದೇ ದಿನ



ರೋಣ, ನರಗುಂದ, ಗಜೇಂದ್ರಗಡದ ಕಡೆ ನಮ್ಮ ಹೆಣ್ಣುಮಕ್ಕಳ ಬ್ಯಾಂಕು ಯಾವುದು? ಆಡು, ಕುರಿ. ಮಗಳ ಮದುವೆ ಬಂತು, ಒಂದು ಆಡು ಮಾರುತ್ತೇವೆ. ಆಸ್ಪತ್ರೆ ಖರ್ಚು ಬಂತು, ಇನ್ನೊಂದು ಮಾರುತ್ತೇವೆ. ಪಿ.ಪಿ.ಆರ್. ಬ್ಯಾನಿ ಬಂದರೆ ಈ ಬ್ಯಾಂಕು ಖಾಲಿ.

ಇದಕ್ಕೆ ಆಡಿನ ಪ್ಲೇಗು ಅಂತಲೂ ಹೆಸರು. ಮನುಷ್ಯರಿಗೆ ಬರುವುದಿಲ್ಲ. ಆಡಿಗೆ ಜ್ವರ ಬರುತ್ತದೆ. ಕಣ್ಣು, ಮೂಗು ಸೋರುತ್ತವೆ. ಬಾಯಲ್ಲಿ ಹುಣ್ಣು, ಕೆಮ್ಮು, ಭೇದಿ. ಉಸಿರಿನಿಂದ, ಒಂದೇ ತೊಟ್ಟಿಯ ನೀರಿನಿಂದ ಹರಡುತ್ತದೆ.

ಲಸಿಕೆ ಇದೆ. ಸರಕಾರ ಪುಕ್ಕಟೆ ಹಾಕುತ್ತದೆ. ಒಮ್ಮೆ ಹಾಕಿದರೆ ಸುಮಾರು 3 ವರ್ಷ ಕಾಯುತ್ತದೆ. "ನನ್ನ ಆಡು ಗಟ್ಟಿಮುಟ್ಟ ಅದಾವ, ನನಗ್ಯಾಕ?" ಅಂತ ಕೆಲವರು ಕೇಳುತ್ತಾರೆ. ನೋಡಿ, ಒಂದು ಸೀಸೆಯಲ್ಲಿ 50 ಅಥವಾ 100 ಆಡಿಗೆ ಆಗುವಷ್ಟು ಲಸಿಕೆ ಇರುತ್ತದೆ. ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಮೂರೇ ಮನೆಯವರು ಬಂದರೆ ಉಳಿದದ್ದು ಚೆಲ್ಲಬೇಕು. ಊರೆಲ್ಲ ಒಂದೇ ದಿನ ಬಂದರೆ ಸೀಸೆ ಸಾರ್ಥಕ, ರೋಗಕ್ಕೂ ದಾರಿ ಬಂದ್.

ಸಮುದ್ರದ ಕಡೆಯವರೂ ಇದನ್ನೇ ಕಲಿತರು. ಅಲ್ಲಿ ಹೊಂಡಗಳಲ್ಲಿ ಸಿಗಡಿ ಸಾಕುತ್ತಾರೆ. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂತು. ಒಬ್ಬರ ಹೊಂಡದ ನೀರು ಕಾಲುವೆಗೆ ಬಿಟ್ಟರೆ ಪಕ್ಕದವರ ಸಿಗಡಿಯೂ ಸತ್ತಿತು. ಮುಂದೆ ಆಂಧ್ರದಲ್ಲಿ ರೈತರು ಗುಂಪು ಕಟ್ಟಿಕೊಂಡರು. ಮರಿ ಪರೀಕ್ಷೆ ಮಾಡಿಸಿ, ಎಲ್ಲರೂ ಒಂದೇ ಕಾಲಕ್ಕೆ ಬಿಟ್ಟರು. ರೋಗದ ನೀರು ಹೊರಗೆ ಬಿಡಬಾರದು ಅಂತ ಕಟ್ಟು ಮಾಡಿಕೊಂಡರು. ನಷ್ಟ ಕಡಿಮೆಯಾಯಿತು. ಅಲ್ಲಿ ನೀರು, ನಮ್ಮಲ್ಲಿ ಉಸಿರು, ಅಷ್ಟೇ ಫರಕು.

ಕಷ್ಟದ ಮಾತು ಒಂದಿದೆ. ಆಡು ಮಂಕಾದ ಕೂಡಲೆ "ಸಾಯೂದ್ರೊಳಗ ಸಂತ್ಯಾಗ ಮಾರಿಬಿಡೂಣು" ಅಂತೀವಿ. ರೋಗ ನಾಲ್ಕು ಊರಿಗೆ ಹೋಗುವುದು ಹೀಗೇ. ಆದರೆ ನಷ್ಟ ಒಬ್ಬಳೇ ಹೊರಬೇಕೆಂದರೆ ಯಾರಾದರೂ ಹಾಗೇ ಮಾಡ್ತಾರೆ. ಅದಕ್ಕೇ ಸಂಘದಲ್ಲಿ ಮೊದಲೇ ಮಾತಾಡಿಕೊಳ್ಳೋಣ. ರೋಗದ ಸುದ್ದಿ ಮೊದಲು ಹೇಳಿದವಳನ್ನು ಬೈಯಬಾರದು. ಅವಳಿಗೆ ಸಂಘದಿಂದ ಸಾಲ ಮೊದಲು ಸಿಗಬೇಕು. ಸತ್ತ ಆಡನ್ನು ಹಳ್ಳಕ್ಕೆ ಎಸೆಯದೆ ಎಲ್ಲರೂ ಕೈಹಚ್ಚಿ ಆಳವಾಗಿ ಹುಗಿಯಬೇಕು.

ಸಂತೆಯಿಂದ ತಂದ ಆಡನ್ನು 21 ದಿನ ಬೇರೆ ಕಟ್ಟಿರಿ. ರೋಗ ಕಂಡರೆ 1962ಕ್ಕೆ ಫೋನ್ ಮಾಡಿರಿ.

ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯ ಆಡು ಎಷ್ಟು, ಕುರಿ ಎಷ್ಟು, ಮರಿ ಎಷ್ಟು ಅಂತ ಚೀಟಿಯಲ್ಲಿ ಬರೆದು ತನ್ನಿ. ಈಗ ಬರೆಯಲು ಬರುತ್ತದಲ್ಲ! ಆ ಚೀಟಿ ಕೂಡಿಸಿ ಪಶು ಡಾಕ್ಟರಿಗೆ ಕೊಡೋಣ. ಎಷ್ಟು ಸೀಸೆ ತರಬೇಕು ಅಂತ ಅವರಿಗೆ ಗೊತ್ತಾಗುತ್ತದೆ.