ಲಗ್ನಕ್ಕೆ ಹೋಗುವವರ ಖರ್ಚು
(ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

 

ನನಗೆ ಭಾಷಣದ ರೂಢಿಯಿಲ್ಲ. ನಾನು ಹುಟ್ಟಿದ್ದು ಆಳಂದ ತಾಲೂಕಿನಲ್ಲಿ, ಕೊಟ್ಟಿದ್ದು ಅಫಜಲಪುರ ತಾಲೂಕಿಗೆ. ನನ್ನ ತಂಗಿಯನ್ನು ಕೊಟ್ಟಿದ್ದು ಜೇವರ್ಗಿ ತಾಲೂಕಿನ ಭೀಮಾ ದಂಡೆಯ ಊರಿಗೆ. ಹೀಗಾಗಿ ಮೂರೂ ಕಡೆಯ ಲಗ್ನ ನನಗೆ ತಪ್ಪುವುದಿಲ್ಲ. ಅದಕ್ಕೇ ಈ ವಿಷಯ ನನ್ನ ಪಾಲಿಗೆ ಬಂದಿರಬೇಕು.

ಲಗ್ನ ಮಾಡುವವರ ಖರ್ಚಿನ ಬಗ್ಗೆ ಈ ಮಠದಲ್ಲಿ ಬಹಳ ಸಲ ಮಾತಾಗಿದೆ. ವರದಕ್ಷಿಣೆ ಕೊಡಬೇಡಿರಿ, ಸಾಮೂಹಿಕ ಲಗ್ನದಲ್ಲಿ ಮಾಡಿರಿ ಎಂದು ಪೂಜ್ಯರು ಹೇಳುತ್ತಲೇ ಬಂದಿದ್ದಾರೆ. ಆದರೆ ಒಂದು ಮನೆಯಲ್ಲಿ ಲಗ್ನವಾಗುವುದು ಎಷ್ಟೋ ವರ್ಷಕ್ಕೊಮ್ಮೆ. ಲಗ್ನಕ್ಕೆ ಹೋಗುವುದು ಮಾತ್ರ ಪ್ರತಿ ವರ್ಷ. ಆ ಲೆಕ್ಕ ಯಾರೂ ಬರೆದಿಡುವುದಿಲ್ಲ. ಮಾಡುವವರ ಸಾಲ ಊರಿಗೆಲ್ಲ ಕಾಣುತ್ತದೆ, ಹೋಗುವವರ ಸಾಲ ಹೆಂಗಸರ ಸಾಸಿವೆ ಡಬ್ಬಿಯಲ್ಲೇ ಮುಗಿದುಹೋಗುತ್ತದೆ.

ಹೊತ್ತು ನೋಡಿರಿ ಹೇಗಿದೆ. ನಮ್ಮ ಕಡೆ ತೊಗರಿ ರಾಶಿಯಾಗಿ ದುಡ್ಡು ಕೈಗೆ ಬರುವುದು ಸಂಕ್ರಾಂತಿ ಆಜುಬಾಜು. ಅಲ್ಲಿಂದ ಲಗ್ನಗಳು ಶುರು. ಬಸವ ಜಯಂತಿ ಹೊತ್ತಿಗೆ ದಿನಕ್ಕೆ ಎರಡು-ಮೂರು. ಮಿರಗ ಹತ್ತಿರ ಬಂತೆನ್ನುವಾಗ ಲಗ್ನ ಮುಗಿಯುತ್ತವೆ, ದುಡ್ಡೂ ಮುಗಿದಿರುತ್ತದೆ. ಆಗಲೇ ಬೀಜ, ಗೊಬ್ಬರ ತರಬೇಕು. ಅಂಗಡಿಯವ ಉದ್ರಿ ಕೊಟ್ಟರೆ ಸೈ, ಇಲ್ಲದಿದ್ದರೆ ನೂರಕ್ಕೆ ಮೂರರ ಬಡ್ಡಿ.

2022ರ ಮುಂಗಾರಿನ ತೊಗರಿ ನಿಮಗೆಲ್ಲ ನೆನಪಿದೆ. ಹೂವು-ಕಾಯಿಯ ಹೊತ್ತಿಗೆ ನೆಟೆ ರೋಗ ಬಿದ್ದು ನಿಂತಲ್ಲೇ ಒಣಗಿತು. ಮುಂದಿನ ಬೇಸಿಗೆಗೆ ಲಗ್ನ ಕಡಿಮೆಯಾದವೇನು? ನಮ್ಮ ಮನೆಗೆ ಹತ್ತೊಂಬತ್ತು ಪತ್ರಿಕೆ ಬಂದವು. ನಾವು ಹದಿನಾಲ್ಕಕ್ಕೆ ಹೋದೆವು. ಮೊದಲ ಸಲ ನಾನು ನೋಟ್‌ಬುಕ್ಕಿನಲ್ಲಿ ಬರೆದೆ. ಊಟ ಅವರದು, ಕುರ್ಚಿ ಅವರದು. ಆದರೂ ಕ್ರೂಸರ್ ಬಾಡಿಗೆಯ ಪಾಲು, ಆಹೇರಿ ಬಟ್ಟೆ, ಮುಯ್ಯಿ, ಸೊಸೆಯ ಎರಡು ಜಂಪರಿನ ಹೊಲಿಗೆ ಎಲ್ಲ ಸೇರಿ 31 ಸಾವಿರ. ಆ ವರ್ಷ ನಮಗೆ ತೊಗರಿಯಿಂದ ಅಷ್ಟು ಬಂದಿರಲಿಲ್ಲ. ಯಜಮಾನರು ಲೆಕ್ಕ ನೋಡಿ ಏನೂ ಅನ್ನಲಿಲ್ಲ, ಎದ್ದು ದನಕ್ಕೆ ನೀರು ಕುಡಿಸಲು ಹೋದರು.

ಮುಯ್ಯಿಯನ್ನು ನಾನು ಬೈಯುವುದಿಲ್ಲ. ನನ್ನ ಅವ್ವನ ಕಾಲದಲ್ಲಿ ಲಗ್ನದ ಮನೆಗೆ ಒಬ್ಬರು ಜೋಳ ಕೊಡುತ್ತಿದ್ದರು, ಒಬ್ಬರು ಬೆಲ್ಲ, ಎಮ್ಮೆ ಇದ್ದವರು ಹಾಲು. ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಮನೆಯಲ್ಲಿ ರೊಟ್ಟಿ ಬಡಿದು ಬುಟ್ಟಿ ತುಂಬಿಸುತ್ತಿದ್ದರು. ಮುಂದೆ ನಿಮ್ಮ ಮನೆಯ ಲಗ್ನಕ್ಕೆ ಅದೇ ತಿರುಗಿ ಬರುತ್ತಿತ್ತು. ಈಗಿನ ಚೀಟಿ ಇದ್ದಂತೆ, ಬಡ್ಡಿಯಿಲ್ಲದ ಚೀಟಿ. ಕೆಟ್ಟದ್ದು ಎಲ್ಲಿ? ಏರಿಸಿ ಕೊಡುವುದರಲ್ಲಿ. ಅವರು 101 ಬರೆಸಿದರೆ ನಾವು 201, ಅದಕ್ಕೆ ಅವರು 501. ಮೈಕಿನಲ್ಲಿ ಹೆಸರು, ಊರು, ರಕಂ ಕೂಗುತ್ತಾರೆ. 501 ಕೂಗಿದ ಮೇಲೆ 51 ಕೊಡುವವನ ಕೈ ಹಿಂದೆ ಸರಿಯುತ್ತದೆ. ಮುಯ್ಯಿ ತೀರಿಸುವುದು ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ ಉಂಟು. ಕೆಲವು ಲಗ್ನಗಳಲ್ಲಿ ಎರಡನೆಯ ಅರ್ಥವೇ ನಡೆದಿರುತ್ತದೆ!

ಆಹೇರಿ ಬಟ್ಟೆಯದಂತೂ ಕೇಳಲೇಬೇಡಿರಿ. ಆಳಂದದ ಒಂದು ಲಗ್ನದಲ್ಲಿ ನಾನು ಕೊಟ್ಟ ಹಸಿರು ಸೀರೆ ಮೂರು ವರ್ಷದ ಮೇಲೆ ಜೇವರ್ಗಿ ಕಡೆಯ ಲಗ್ನದಲ್ಲಿ ನನಗೇ ಬಂತು. ಮಡಿಕೆಯ ಮೇಲೆ ನಮ್ಮ ಮನೆಯ ದೀಪದ ಎಣ್ಣೆ ಕಲೆ ಹಾಗೇ ಇತ್ತು. ನಡುವೆ ಎಷ್ಟು ಮನೆ ತಿರುಗಿತೋ. ಒಬ್ಬರೂ ಉಟ್ಟಿಲ್ಲ. ಅಂಗಡಿಗಳಲ್ಲಿ ಈಗ ‘ಕೊಡುವ ಸೀರೆ’ ಎಂದೇ ಬೇರೆ ರಾಶಿ ಇಟ್ಟಿರುತ್ತಾರೆ. ಉಡಲಿಕ್ಕೆ ಬಾರದ, ಕೊಡಲಿಕ್ಕೆ ಮಾತ್ರ ಬರುವ ಬಟ್ಟೆಗೆ ನಾವು ಸಾಲ ಮಾಡುತ್ತೇವೆ.

ಈಗ ನನ್ನ ತಂಗಿಯ ಮಾತು ಹೇಳಬೇಕು. ಇದನ್ನು ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಅವಳನ್ನೇ ಕೇಳಿದೆ, ಹೇಳಕ್ಕಾ ಅಂದಳು.

2020ರ ಅಕ್ಟೋಬರದಲ್ಲಿ ಭೀಮೆ ತುಂಬಿ ಬಂದಳು. ಅಫಜಲಪುರ, ಜೇವರ್ಗಿ ಕಡೆ ದಂಡೆಯ ಹೊಲಗಳು ನೀರಾದವು. ತಂಗಿಯ ಹೊಲದ ಹತ್ತಿ, ತೊಗರಿ ಎರಡೂ ಕೊಳೆತವು. ನಾಲ್ಕು ತಿಂಗಳಿಗೆ, 2021ರ ಫೆಬ್ರುವರಿಯಲ್ಲಿ, ನನ್ನ ಮಗಳ ಲಗ್ನ. ಎಲ್ಲರೂ ಬಂದರು, ಅವಳು ಬರಲಿಲ್ಲ. ಜ್ವರ ಬಂದಿದೆ ಎಂದು ಫೋನು. ಚಿಕ್ಕವ್ವ ಇಲ್ಲದೆ ಅಕ್ಕಿಕಾಳು ಬಿದ್ದವು. ನನಗೆ ಸಿಟ್ಟು ಬಂತು. ನೆರೆದವರ ಮುಂದೆ ಅವಳಿಗೆ ಸೊಕ್ಕು ಬಂದಿದೆ ಎಂದೆ. ಎರಡು ವರ್ಷ ಅವಳ ಮನೆಗೆ ಕಾಲಿಡಲಿಲ್ಲ.

2023ರ ಜೂನ್ 11ರಿಂದ ಸರ್ಕಾರ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಮಾಡಿತು. ಆ ಶ್ರಾವಣದಲ್ಲಿ ಒಂದು ಮಧ್ಯಾಹ್ನ ತಂಗಿ ಬಾಗಿಲಲ್ಲಿ ನಿಂತಿದ್ದಳು. “ತಿಕೀಟಿಲ್ಲಲ್ಲಕ್ಕಾ, ಬಂದೆ” ಎಂದಳು. ರಾತ್ರಿ ಮಲಗಿದಾಗ ಹೇಳಿದಳು. ಆ ದಿನ ಜ್ವರ ಇರಲಿಲ್ಲ. ಮಕ್ಕಳಿಗೆ ತಲೆ ಬಾಚಿ ಜೇವರ್ಗಿ ಬಸ್‌ಸ್ಟ್ಯಾಂಡಿನವರೆಗೂ ಬಂದಿದ್ದಳು. ಚಿಕ್ಕವ್ವ ಅಂದ ಮೇಲೆ ಮದುಮಗಳಿಗೆ ಸೀರೆ, ಅಳಿಯನಿಗೆ ಬಟ್ಟೆ, ನನಗೂ ಯಜಮಾನರಿಗೂ ಆಹೇರಿ. ಬಟ್ಟೆ ಅಂಗಡಿಯಲ್ಲಿ ಹಳೆಯ ಬಾಕಿ ಕೇಳಿದರು. ಕೈಯಲ್ಲಿದ್ದ ದುಡ್ಡು ಬಸ್ಸಿಗೆ ಸಾಲುತ್ತಿತ್ತು, ಅಷ್ಟೇ. ಬರಿಗೈಲಿ ಹೇಗೆ ಬರಲಿ ಎಂದು ಮಕ್ಕಳಿಗೆ ಒಂದೊಂದು ಬಾಳೆಹಣ್ಣು ಕೊಡಿಸಿ ತಿರುಗಿ ಹೋದಳು.

ಮರುದಿನ ನಾನು ಮುಯ್ಯಿ ಪಟ್ಟಿ ತೆಗೆದು ನೋಡಿದೆ. ಅವಳ ಹೆಸರಿನ ಮುಂದೆ ನನ್ನದೇ ಅಕ್ಷರದಲ್ಲಿ ‘ಬಂದಿಲ್ಲ’ ಎಂದಿತ್ತು.

ಹಾಗಾದರೆ ಏನು ಮಾಡೋಣ? ಪತ್ರಿಕೆಯಲ್ಲಿ ‘ಉಡುಗೊರೆ ತರಬೇಡಿರಿ’ ಎಂದು ಅಚ್ಚು ಹಾಕಿಸುವುದರಿಂದ ಆಗುವುದಿಲ್ಲ. ಎಲ್ಲರೂ ಹಾಕಿಸುತ್ತಾರೆ, ಯಾರೂ ನಂಬುವುದಿಲ್ಲ. ಪತ್ರಿಕೆ ಕೊಡಲು ಹೋದಾಗ ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಮುಯ್ಯಿ ಬರೆಯುವ ಟೇಬಲ್ಲೇ ಇಡಬಾರದು. ಟೇಬಲ್ ಕಂಡರೆ ಕೈ ಜೇಬಿಗೆ ಹೋಗುತ್ತದೆ. ನಮ್ಮ ಬೀಗರು-ಬಿಜ್ಜರ ಎಂಟು ಮನೆಗಳಲ್ಲಿ ಹೀಗೆ ಮಾತಾಡಿಕೊಂಡೆವು. ಒಬ್ಬರಿಗೊಬ್ಬರು ಆಹೇರಿ ಬಟ್ಟೆ ಇಲ್ಲ, ಬಂದ ಮುಯ್ಯಿಗಿಂತ ಏರಿಸುವುದಿಲ್ಲ, ಸಾಲ ತಂದು ಕೊಡುವುದಿಲ್ಲ. ಒಂದು ಮನೆ ಮುನಿಸಿಕೊಂಡಿತು, ಇನ್ನೂ ಮುನಿಸು ಹೋಗಿಲ್ಲ. ತೊಗರಿ ಮಾರಿದ ದಿನವೇ ಲಗ್ನಗಳಿಗೆಂದು ಇಷ್ಟು ಎಂದು ತೆಗೆದಿಡುತ್ತೇನೆ. ಅದು ಮುಗಿದರೆ ಉಳಿದ ಮನೆಗಳಿಗೆ ಲಗ್ನದ ಮೇಲೆ ಒಂದು ದಿನ ಹೋಗಿ ಮದುಮಕ್ಕಳನ್ನು ಮಾತಾಡಿಸಿ ಬರುತ್ತೇನೆ. ಗದ್ದಲದಲ್ಲಿ ಸಿಗದ ಮಾತು ಆಗ ಸಿಗುತ್ತದೆ.

ಇನ್ನು ಬಸ್ಸು. ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಇಟ್ಟುಕೊಂಡು ಬಸ್ಸಿಗೆ ಹೋದರೆ ಕ್ರೂಸರ್ ಬೇಕಾಗುವುದಿಲ್ಲ. ಆದರೆ ಲಗ್ನ ಮಾಡುವವರು ಅಕ್ಕಿಕಾಳನ್ನು ಸಂಜೆ ಗೋಧೂಳಿಗೆ ಇಟ್ಟರೆ ಹಳ್ಳಿಯಿಂದ ತಿರುಗಿ ಬರಲು ಬಸ್ಸೆಲ್ಲಿ? ಪೂಜ್ಯರು ಪಂಚಾಂಗ ನೋಡಬೇಡಿರಿ ಎನ್ನುತ್ತಾರೆ. ನಾನು ಹೇಳುವುದು, ಬಸ್ಸಿನ ವೇಳಾಪಟ್ಟಿ ನೋಡಿರಿ. ನಮ್ಮ ಆಳಂದದವರಿಗೆ ಅಕ್ಕಲಕೋಟೆ, ಸೊಲ್ಲಾಪುರ ಕಡೆ ಬಳಗ ಬಹಳ. ಹೊರರಾಜ್ಯದ ಬಸ್ಸಿಗೆ ನಮ್ಮ ಪುಕ್ಕಟೆ ನಡೆಯುವುದಿಲ್ಲ, ಅಲ್ಲಿನ ಸಾರಿಗೆ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ತಿಕೀಟು ಇದೆ. ಆ ಲಗ್ನಗಳಿಗೆ ಮನೆಗೊಬ್ಬರು ಹೋದರೆ ಸಾಕು.

ಸೀರೆ ವಿಷಯ ಹುಡುಗಿಯರು ಒಪ್ಪುವುದಿಲ್ಲ, ಗೊತ್ತು. ಒಂದೇ ಸೀರೆ ಎರಡು ಲಗ್ನದ ಫೋಟೋದಲ್ಲಿ ಬಂದರೆ ಮೊಬೈಲಿನಲ್ಲಿ ಊರೆಲ್ಲ ನೋಡುತ್ತದೆಯಂತೆ. ನಾನು ನನ್ನ ಇಳಕಲ್ ಸೀರೆಯನ್ನು ಹದಿನಾರು ವರ್ಷದಿಂದ ಉಡುತ್ತಿದ್ದೇನೆ. ಇವತ್ತೂ ಅದೇ, ನೋಡಿರಿ.

ಕಳೆದ ವೈಶಾಖದಲ್ಲಿ ನನ್ನ ಮಗನ ಲಗ್ನವಾಯಿತು. ಪತ್ರಿಕೆ ಕೊಡಲು ನಾನೇ ತಂಗಿಯ ಮನೆಗೆ ಹೋದೆ. “ಏನು ತರಲಿ ಅಕ್ಕಾ?” ಎಂದಳು. “ಏನೂ ತರಬೇಡ. ಎರಡು ದಿನ ಮೊದಲೇ ಬಾ, ರೊಟ್ಟಿ ಬಡಿಯಲು ಕೈ ಬೇಕು” ಎಂದೆ. ಅವಳು ನಾಲ್ಕು ದಿನ ಮೊದಲೇ ಬಂದಳು. ಸೊಸೆಯನ್ನೂ ಕರೆದುಕೊಂಡು ಬಂದಿದ್ದಳು.