ಶಾಲೆ ಬಿಟ್ಟ ಕಾರಣ



ಮೇಷ್ಟ್ರುಗಳು, ವಕೀಲರು, ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಸೇರಿದ ಇಂಥ ಸಭೆಯಲ್ಲಿ ಮಕ್ಕಳು ದೇವರ ಸಮಾನ ಎಂದು ಮಾತು ಶುರು ಮಾಡುವುದು ವಾಡಿಕೆ. ಹಾಗೆ ಹೇಳಿದವರೇ ಸಂಜೆಗೆ ಬೆತ್ತ ಹಿಡಿದದ್ದನ್ನು ನೋಡಿದ್ದೇನೆ, ಅದಕ್ಕೆ ಆ ಮಾತು ಬಿಟ್ಟು ಒಂದು ಫಾರಂನಿಂದ ಶುರು ಮಾಡುತ್ತೇನೆ.

ಹದಿನೆಂಟು ತುಂಬದ ಹುಡುಗನೊಬ್ಬ ಕಳವಿನಲ್ಲೋ ಹೊಡೆದಾಟದಲ್ಲೋ ಸಿಕ್ಕಿಬಿದ್ದ ಎನ್ನಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಅವನ ಮನೆ, ಓದು, ಸಹವಾಸ ಎಲ್ಲವನ್ನೂ ವಿಚಾರಿಸಿ ಪರಿವೀಕ್ಷಣಾಧಿಕಾರಿ ಒಂದು ವರದಿ ಕೊಡಬೇಕು. 2016ರ ಮಾದರಿ ನಿಯಮಗಳ ಜತೆ ಆ ವರದಿಯ ನಮೂನೆಯೂ ಇದೆ. ಅದರಲ್ಲಿ ಶಾಲೆ ಬಿಟ್ಟ ಕಾರಣ ಏನು ಎಂದು ಕೇಳುವ ಒಂದು ಕಲಂ ಇದೆ, ಉತ್ತರಗಳನ್ನೂ ಅಲ್ಲೇ ಕೊಟ್ಟಿದ್ದಾರೆ. ನಪಾಸಾದದ್ದು, ಆಸಕ್ತಿ ಇಲ್ಲದ್ದು, ಶಿಕ್ಷಕರ ಉದಾಸೀನ, ಗೆಳೆಯರ ಸಹವಾಸ, ದುಡಿದು ಮನೆ ನೋಡಬೇಕಾದದ್ದು, ಹೆತ್ತವರು ತೀರಿಹೋದದ್ದು, ಶಾಲೆಯಲ್ಲಿ ಬೇರೆ ಹುಡುಗರ ಕಾಟ, ಶಾಲೆಯ ಅತಿಯಾದ ಬಿಗಿ, ಅವಮಾನ, ಹೊಡೆತ, ಕಲಿಸುವ ಭಾಷೆ.

ಈ ಪಟ್ಟಿಯನ್ನು ಮೊದಲ ಸಲ ಓದಿದಾಗ ನನಗೆ ಆಶ್ಚರ್ಯವಾಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾರಣಗಳು ಹುಡುಗನ ತಪ್ಪಲ್ಲ, ಶಾಲೆಯದು. ಇದನ್ನು ಯಾವ ಚಳವಳಿಗಾರರೂ ಬರೆದದ್ದಲ್ಲ, ಸರ್ಕಾರವೇ ಅಚ್ಚು ಹಾಕಿಸಿದ್ದು. ನಾನು ಮೊದಲು ಹೈಸ್ಕೂಲು ಮೇಷ್ಟ್ರಾಗಿದ್ದು, ಆಮೇಲೆ ಕರಿಕೋಟು ತೊಟ್ಟವನು. ಕಂಡ ಕಡತಗಳಲ್ಲಿ ಬಹುಪಾಲು ‘ಆಸಕ್ತಿ ಇಲ್ಲ’ ಎಂಬುದಕ್ಕೇ ಗುರುತು ಬಿದ್ದಿರುತ್ತದೆ. ಅಧಿಕಾರಿಗಳ ದೋಷ ಅಂತ ಪೂರ್ತಿ ಹೇಳಲಾರೆ. ಹದಿನೈದರ ಹುಡುಗ ಗುರುತಿಲ್ಲದವರ ಎದುರು ಕೂತು ‘ನನಗೆ ಅವಮಾನ ಆಗಿತ್ತು’ ಎಂದು ಬಾಯಿಬಿಡುತ್ತಾನೆಯೇ?

ಒಂದು ಪ್ರಸಂಗ ಹೇಳುತ್ತೇನೆ. ಇಂಥ ಮಕ್ಕಳ ಗುರುತು ಹೊರಗೆ ಹಾಕುವುದು ಕಾನೂನಿನಲ್ಲಿ ಅಪರಾಧ, ಆದ್ದರಿಂದ ಊರು, ಹೆಸರು ಕೇಳಬೇಡಿ. ಅರಕಲಗೂಡು ಸೀಮೆಯ ಹೊಗೆಸೊಪ್ಪಿನ ಕಡೆಯ ಹುಡುಗ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆ ಇರುವುದು, ಆ ಸುತ್ತಿನ ಬದುಕೆಲ್ಲ ಸೊಪ್ಪಿನ ಲೆಕ್ಕದಲ್ಲಿ ನಡೆಯುವುದು ನಿಮಗೆ ಗೊತ್ತೇ ಇದೆ. ಸೊಪ್ಪು ಮುರಿಯುವ ಕಾಲದಲ್ಲಿ ಮನೆಮಂದಿಯೆಲ್ಲ ಹೊಲದಲ್ಲಿ. ಮುರಿದ ಸೊಪ್ಪನ್ನು ಅಂದೇ ಕಡ್ಡಿಗೆ ಕಟ್ಟಬೇಕು, ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಏರಿಸಬೇಕು, ರಾತ್ರಿ ಎದ್ದೆದ್ದು ಬೆಂಕಿ ನೋಡಬೇಕು. ಒಂಬತ್ತನೇ ತರಗತಿಯ ಹುಡುಗ ಆ ದಿನಗಳಲ್ಲಿ ಶಾಲೆಗೆ ಹೋಗಲಿಲ್ಲ. ಹೋದ ದಿನ ಕೈಬೆರಳಿಗೆ ಸೊಪ್ಪಿನ ಅಂಟು ಹತ್ತಿ ಕಪ್ಪಾಗಿತ್ತು. ಸೋಪು ಹಾಕಿ ಉಜ್ಜಿದರೂ ಅದು ಹೋಗುವುದಿಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಆ ಕೈ ಎತ್ತಿ ತೋರಿಸಿದರು, ಮಕ್ಕಳು ನಕ್ಕರು. ಆಮೇಲೆ ನಮ್ಮೆಲ್ಲರಿಗೂ ಬಾಯಿಪಾಠವಾಗಿರುವ ಆ ಮಾತು: “ನಿಮ್ಮಪ್ಪನ್ನ ಕರ್ಕೊಂಡು ಬಾ, ಆಮೇಲೆ ಒಳಗೆ ಬಾ.”

ಅಪ್ಪ ಬ್ಯಾರನ್ ಬಿಟ್ಟು ಬರುವ ಹಾಗಿಲ್ಲ. ಹುಡುಗ ಬೆಳಿಗ್ಗೆ ಚೀಲ ಹೊತ್ತು ಮನೆ ಬಿಡುತ್ತಿದ್ದ, ಸಂಜೆಯವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಕಾಲ ಕಳೆಯುತ್ತಿದ್ದ. ಅಲ್ಲಿ ಒಬ್ಬ ಗುಜರಿಯವನ ಪರಿಚಯವಾಯಿತು. ಪಂಪ್‌ಸೆಟ್ಟಿನ ಕೇಬಲ್ಲು ಸುಟ್ಟು ಒಳಗಿನ ತಾಮ್ರ ತಂದುಕೊಟ್ಟರೆ ಕೈಗೆ ಕಾಸು. ಇಲ್ಲಿ ಕಾನೂನಿನ ಒಂದು ಸೂಕ್ಷ್ಮ ಇದೆ. ಮಾದರಿ ನಿಯಮದ ಪ್ರಕಾರ ಘೋರ ಅಪರಾಧವಲ್ಲದಿದ್ದರೆ ಮಗುವಿನ ಮೇಲೆ ಎಫ್‌ಐಆರ್ ಹಾಕುವಂತಿಲ್ಲ, ಠಾಣೆಯ ದಿನಚರಿಯಲ್ಲಿ ಬರೆದು ಸಾಮಾಜಿಕ ಹಿನ್ನೆಲೆಯ ವರದಿ ಕಳಿಸಿದರೆ ಸಾಕು. ಆದರೆ ದೊಡ್ಡವರ ಜತೆ ಸೇರಿ ಮಾಡಿದ್ದಾದರೆ ಆ ರಿಯಾಯಿತಿ ಇಲ್ಲ. ಗುಜರಿಯವನು ವಯಸ್ಕ. ಹುಡುಗನ ಹೆಸರು ಎಫ್‌ಐಆರ್‌ಗೆ ಬಂತು.

ಮಂಡಳಿಯ ಹೊರಗಿನ ಬೆಂಚಿನ ಮೇಲೆ ಅವನ ಅಪ್ಪ ಕೂತಿದ್ದರು. “ಸ್ಕೂಲ್ ಯಾವಾಗ ಬಿಡಿಸಿದ್ರಿ?” ಅಂತ ಕೇಳಿದೆ. “ಬಿಡ್ಸಿಲ್ಲ ಸ್ವಾಮಿ, ದಿನಾ ಹೋಯ್ತಿದ್ನಲ್ಲ” ಅಂದರು. ಶಾಲೆಗೆ ಅವನು ಮನೆಯಲ್ಲಿದ್ದ, ಮನೆಗೆ ಅವನು ಶಾಲೆಯಲ್ಲಿದ್ದ.

ನನ್ನ ಇವತ್ತಿನ ಮಾತಿನ ತಿರುಳು ಇಷ್ಟೇ. ಶಾಲೆ ಬಿಟ್ಟ ಕಾರಣವನ್ನು ನಾವು ಠಾಣೆಯ ನಂತರ ಕೇಳುತ್ತಿದ್ದೇವೆ. ಅದನ್ನು ಗೈರುಹಾಜರಿಯ ಮೊದಲ ವಾರದಲ್ಲಿ, ಹಾಜರಿ ಪುಸ್ತಕ ಕೈಯಲ್ಲಿರುವವರು ಕೇಳಬೇಕು.

ಶಾಲೆಯಿಂದ ಹೊರಗಿಡುವುದು ಠಾಣೆಗೆ ದಾರಿಯಾಗುವ ಬಗ್ಗೆ ಅಮೆರಿಕದಲ್ಲಿ ದೊಡ್ಡ ಚರ್ಚೆಯೇ ನಡೆದಿದೆ. ಟೆಕ್ಸಾಸ್ ರಾಜ್ಯದ ಸುಮಾರು ಹತ್ತು ಲಕ್ಷ ವಿದ್ಯಾರ್ಥಿಗಳ ದಾಖಲೆ ನೋಡಿ 2011ರಲ್ಲಿ ಒಂದು ಅಧ್ಯಯನ ಹೊರಬಂತು. ಶಾಲೆಯವರ ವಿವೇಚನೆಗೆ ಬಿಟ್ಟ ಸಣ್ಣಪುಟ್ಟ ತಪ್ಪಿಗೆ ಅಮಾನತಾದ ಮಗು ಮರುವರ್ಷ ಬಾಲನ್ಯಾಯ ವ್ಯವಸ್ಥೆಯ ಕೈಗೆ ಸಿಗುವ ಸಂಭವ ಸುಮಾರು ಮೂರು ಪಟ್ಟು ಜಾಸ್ತಿ ಎಂದು ಅದು ಹೇಳಿತು. ಅವರಿಗೆ ಲೆಕ್ಕ ಹಾಕಲು ಸಾಧ್ಯವಾದದ್ದು ಅಮಾನತಿಗೆ ಅಲ್ಲಿ ದಾಖಲೆ ಇದ್ದುದರಿಂದ. ನಮ್ಮಲ್ಲಿ ‘ಅಪ್ಪನ್ನ ಕರ್ಕೊಂಡು ಬಾ’ ಎಂಬುದೂ ಅಮಾನತೇ, ಆದರೆ ಅದಕ್ಕೆ ರಿಜಿಸ್ಟರ್ ಇಲ್ಲ. ಹಾಜರಿಯಲ್ಲಿ ಬರೀ ಗೈರು ಅಂತ ಬೀಳುತ್ತದೆ. ಯಾರು ಕಳಿಸಿದರು, ಯಾಕೆ ಕಳಿಸಿದರು, ಎಷ್ಟು ದಿನ ಹೊರಗಿಟ್ಟರು, ಯಾವುದಕ್ಕೂ ಕುರುಹಿಲ್ಲ.

ಇನ್ನು ಹದಿನಾಲ್ಕರ ವಯಸ್ಸಿನ ವಿಷಯ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ ಒಂದರಿಂದ ಜಾರಿಯಲ್ಲಿದೆ. ಅದರ ಹದಿನಾರನೇ ಕಲಂ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕಬಾರದೆನ್ನುತ್ತದೆ, ಹದಿನೇಳನೇ ಕಲಂ ಹೊಡೆಯಬಾರದು, ಮಾನಸಿಕ ಹಿಂಸೆ ಕೊಡಬಾರದೆನ್ನುತ್ತದೆ. ಒಳ್ಳೆಯದೇ. ಆದರೆ ಕಾಯ್ದೆಯ ಆಸರೆ ಆರರಿಂದ ಹದಿನಾಲ್ಕು ವರ್ಷದವರಿಗೆ. ಅತ್ತ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೂ ಹದಿನಾಲ್ಕು ತುಂಬಿದವರನ್ನು ಅಪಾಯಕಾರಿಯಲ್ಲದ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಅಂದರೆ ಓದಿನ ಬಾಗಿಲು ಸಡಿಲವಾಗುವ ವಯಸ್ಸಿಗೇ ದುಡಿಮೆಯ ಬಾಗಿಲು ತೆರೆಯುತ್ತದೆ. ದೇಶದಲ್ಲಿ 2022ರಲ್ಲಿ ಮಕ್ಕಳ ಮೇಲೆ ದಾಖಲಾದ ಪ್ರಕರಣ 30,555 ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಸಿಕ್ಕಿಬೀಳುವವರಲ್ಲಿ ಬಹುಪಾಲು ಹದಿನಾರರಿಂದ ಹದಿನೆಂಟರವರು, ಬಹುಪಾಲು ತಂದೆತಾಯಿಯ ಜತೆಗೇ ಇರುವವರು. ‘ತಬ್ಬಲಿ, ಬೀದಿ ಹುಡುಗ’ ಎಂಬ ನಮ್ಮ ಕಲ್ಪನೆ ಸುಳ್ಳು. ಹದಿನಾಲ್ಕರಿಂದ ಹದಿನಾರರ ನಡುವೆ ಆ ಹುಡುಗ ಎಲ್ಲಿದ್ದ ಅಂತ ಹುಡುಕಿದರೆ ನಮ್ಮ ಒಂಬತ್ತನೇ ತರಗತಿ ಸಿಗುತ್ತದೆ.

ಒಂಬತ್ತನೇ ತರಗತಿಯಲ್ಲಿ ಏನಾಗುತ್ತದೆ? 2019ರಲ್ಲಿ ನಮ್ಮ ಹಾಸನ ಜಿಲ್ಲೆ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯದಲ್ಲೇ ಮೊದಲ ಸ್ಥಾನಕ್ಕೆ ಬಂತು, ಎಲ್ಲರೂ ಸಿಹಿ ಹಂಚಿದೆವು. ಅದರ ಹಿಂದೆ ನಿಮ್ಮ ದುಡಿಮೆ ಇದೆ, ಕತ್ತಲಾಗುವವರೆಗೆ ಕೂತು ಪಾಠ ಮಾಡಿದವರು ಈ ಸಭೆಯಲ್ಲೇ ಇದ್ದೀರಿ, ಅದನ್ನು ಕಡಿಮೆ ಮಾಡುವುದಿಲ್ಲ. ಆದರೆ ಶೇಕಡಾ ಲೆಕ್ಕದ ಒಂದು ಗುಣವಿದೆ: ಮೇಲಿನ ಸಂಖ್ಯೆ ಹೆಚ್ಚಿಸುವುದು ಕಷ್ಟ, ಕೆಳಗಿನ ಸಂಖ್ಯೆ ಕಡಿಮೆ ಮಾಡುವುದು ಸುಲಭ. ಹತ್ತನೇ ತರಗತಿಗೆ ಬರುವ ಮೊದಲೇ ‘ಇವನು ನಮ್ಮ ರಿಸಲ್ಟ್ ಕೆಡಿಸ್ತಾನೆ’ ಅನ್ನಿಸಿದ ಹುಡುಗನ ಮನೆಗೆ ಮಾತು ಹೋಗುತ್ತದೆ. “ಟಿಸಿ ತಗೊಂಡ್ಹೋಗಿ, ಬೇರೆ ಕಡೆ ಸೇರ್ಸಿ, ಇಲ್ಲಾಂದ್ರೆ ಖಾಸಗಿಯಾಗಿ ಕಟ್ಟಿಸಿ.” ಟಿಸಿಯಲ್ಲಿ ಬರೆಯುವುದು ‘ಪೋಷಕರ ಕೋರಿಕೆಯ ಮೇರೆಗೆ’. ಇಂಥ ಸರ್ಟಿಫಿಕೇಟು ಹಿಡಿದು ನನ್ನ ಆಫೀಸಿಗೆ ಬಂದ ತಾಯಿಯೊಬ್ಬರು ತಾವು ಏನನ್ನು ಕೋರಿದೆವೆಂದು ನನ್ನನ್ನೇ ಕೇಳಿದರು.

ಮೇಷ್ಟ್ರುಗಳ ಕಷ್ಟ ಗೊತ್ತಿಲ್ಲದೆ ಮಾತಾಡುತ್ತಿಲ್ಲ. ಒಬ್ಬರೇ ಎರಡು ತರಗತಿ ನೋಡಬೇಕು, ಮೊಟ್ಟೆಯ ಲೆಕ್ಕ ಬರೆಯಬೇಕು, ಆ್ಯಪಿಗೆ ಫೋಟೋ ಹಾಕಬೇಕು, ಗಣತಿಗೆ ಹೋಗಬೇಕು. ಅತಿಥಿ ಶಿಕ್ಷಕರಾದರೆ ಸಂಬಳ ಯಾವ ತಿಂಗಳದ್ದು ಯಾವಾಗ ಎಂಬುದೇ ಗೊತ್ತಿಲ್ಲ. ಹೊಡೆಯಬೇಡಿ ಎಂದ ಇಲಾಖೆ, ಹೊಡೆಯದೆ ನಲವತ್ತು ಮಕ್ಕಳನ್ನು ಕೂರಿಸುವುದು ಹೇಗೆಂದು ಸರಿಯಾಗಿ ಹೇಳಿಕೊಟ್ಟಿಲ್ಲ. ಕೇಂದ್ರ ಸರ್ಕಾರವೇ ಮಾಡಿಸಿದ 2007ರ ಅಧ್ಯಯನದಲ್ಲಿ ಮೂರು ಮಕ್ಕಳಲ್ಲಿ ಇಬ್ಬರು ಶಾಲೆಯಲ್ಲಿ ಹೊಡೆತ ತಿಂದಿದ್ದೇವೆ ಎಂದರು. ಅಲ್ಲಿಂದ ಈಚೆಗೆ ಬೆತ್ತ ಕಡಿಮೆಯಾಗಿರಬಹುದು, ನಾಲಿಗೆಯ ಬಗ್ಗೆ ನನಗೆ ಅಂಥ ಭರವಸೆ ಇಲ್ಲ.

ನಾಲಿಗೆ ಎಲ್ಲರ ಮೇಲೂ ಒಂದೇ ಹದದಲ್ಲಿ ಬೀಳುವುದೂ ಇಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಹುಟ್ಟಿನಿಂದಲೇ ಕಳ್ಳರು ಎಂಬ ಹಣೆಪಟ್ಟಿ ಹಚ್ಚಿದರು. ಕೊರಚ, ಕೊರಮ ಸಮುದಾಯಗಳು ಅದರ ಹೊಡೆತ ತಿಂದವು. 1952ರಲ್ಲಿ ಆ ಕಾಯ್ದೆ ಹೋಯಿತು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದು. ಆ ಹಳೆಯ ಹಣೆಪಟ್ಟಿಯೇ ಹೊಸ ಹೆಸರಿನಲ್ಲಿ ಮುಂದುವರಿದಿರುವುದನ್ನು 2024ರಲ್ಲಿ ಸುಪ್ರೀಂ ಕೋರ್ಟೇ ಎತ್ತಿ ತೋರಿಸಿತು. ತರಗತಿಯಲ್ಲಿ ಜಾಮಿಟ್ರಿ ಬಾಕ್ಸ್ ಕಳೆದರೆ ಮೊದಲು ಯಾರ ಚೀಲ ಸುರಿಸುತ್ತೇವೆ? ಶೌಚಾಲಯ ತೊಳೆಯಲು ಯಾರನ್ನು ಕರೆಯುತ್ತೇವೆ? 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಯಲುವಹಳ್ಳಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಹೊರಬಂದಾಗ ರಾಜ್ಯವೆಲ್ಲ ಬೆಚ್ಚಿತು. ಗುಂಡಿಯವರೆಗೆ ಹೋಗದ, ಪೊರಕೆಯಲ್ಲೇ ನಿಲ್ಲುವ ಸಂಗತಿಗಳಿಗೆ ಯಾರೂ ಬೆಚ್ಚುವುದಿಲ್ಲ. ಕಾಫಿ ತೋಟ, ಶುಂಠಿ ಹೊಲಗಳಿಗೆ ದೂರದಿಂದ ಬಂದ ಕೂಲಿಯವರ ಮಕ್ಕಳದ್ದು ಇನ್ನೊಂದು ಕಥೆ. ಕನ್ನಡ ಬಾರದೆ ಸುಮ್ಮನೆ ಕೂತರೆ ಮೊದ್ದು, ಎದುರು ನೋಡಿದರೆ ಧಿಮಾಕು.

ಹುಡುಗ–ಹುಡುಗಿಯ ಪ್ರಕರಣಗಳನ್ನೂ ಹೇಳಲೇಬೇಕು. ಹದಿನಾರು ಹದಿನೇಳರ ಇಬ್ಬರು ಊರು ಬಿಟ್ಟು ಹೋದರೆ ಹುಡುಗಿಗೆ ಮದುವೆ ಗೊತ್ತುಮಾಡುತ್ತಾರೆ, ಹುಡುಗನ ಮೇಲೆ ಪೋಕ್ಸೊ (ಮಕ್ಕಳ ಲೈಂಗಿಕ ದೌರ್ಜನ್ಯ ತಡೆ) ಕಾಯ್ದೆಯ ಕೇಸು ಬೀಳುತ್ತದೆ. 2022ರ ನವೆಂಬರಿನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಇಂಥ ಪ್ರಕರಣಗಳನ್ನು ಕಂಡು, ಸಮ್ಮತಿಯ ವಯಸ್ಸಿನ ಮಿತಿಯ ಬಗ್ಗೆ ಕಾನೂನು ಆಯೋಗ ಯೋಚಿಸಲಿ ಎಂದಿತು, ಈ ಕಾಯ್ದೆಯ ತಿಳಿವಳಿಕೆಯನ್ನು ಮಕ್ಕಳಿಗೆ ಕೊಡುವಂತೆ ಶಿಕ್ಷಣ ಇಲಾಖೆಗೂ ಹೇಳಿತು. ವಯಸ್ಸಿನ ವಾದ ಬೇರೆ, ಅದಕ್ಕೆ ಇವತ್ತು ಹೋಗುವುದಿಲ್ಲ. ತಿಳಿವಳಿಕೆ ಕೊಡಲು ಯಾವ ತಿದ್ದುಪಡಿಯೂ ಬೇಡ.

ಬಾಲನ್ಯಾಯ ಮಂಡಳಿ ಹುಡುಗನನ್ನು ಬಿಟ್ಟು ಕಳಿಸಿದ ಮೇಲೆ ಆಗುವುದು ನನಗೆ ಎಲ್ಲಕ್ಕಿಂತ ಬೇಸರ ತರಿಸುವ ಭಾಗ. ಬಾಲನ್ಯಾಯ ಕಾಯ್ದೆಯ ಇಪ್ಪತ್ತನಾಲ್ಕನೇ ಕಲಂ ಸ್ಪಷ್ಟವಾಗಿದೆ: ಈ ಕಾಯ್ದೆಯಡಿ ವಿಚಾರಣೆ ಮುಗಿದ ಮಗುವಿಗೆ ಅಪರಾಧದ ಕಾರಣಕ್ಕೆ ಮುಂದೆ ಯಾವ ಅನರ್ಹತೆಯೂ ಅಂಟಬಾರದು. ಹದಿನಾರು ದಾಟಿ, ಘೋರ ಅಪರಾಧಕ್ಕೆ ವಯಸ್ಕನಂತೆ ವಿಚಾರಣೆಗೆ ಒಳಗಾದವನಿಗೆ ಮಾತ್ರ ಈ ರಕ್ಷಣೆ ಸಿಗದಿರಬಹುದು. ಹೊಸದಾಗಿ ಬದುಕು ಶುರು ಮಾಡುವ ಅವಕಾಶವನ್ನು ಕಾಯ್ದೆ ತನ್ನ ಮೂಲ ತತ್ವಗಳಲ್ಲೇ ಸೇರಿಸಿದೆ. ಕಾನೂನು ಮರೆತದ್ದನ್ನು ಊರು ಮರೆಯುವುದಿಲ್ಲ, ಶಾಲೆ ಊರಿಗಿಂತ ಮೊದಲೇ ನೆನಪಿಸುತ್ತದೆ. “ಬೇರೆ ಮಕ್ಕಳು ಕೆಟ್ಟೋಯ್ತಾರೆ ಸಾರ್” ಎಂದು ಗೇಟಿನಲ್ಲೇ ನಿಲ್ಲಿಸುತ್ತಾರೆ. ಮಂಡಳಿ ಇರುವುದು ಜಿಲ್ಲಾ ಕೇಂದ್ರದಲ್ಲಿ. ಕೊಣನೂರಿನಿಂದಲೋ ಹಿರೀಸಾವೆಯಿಂದಲೋ ಪ್ರತಿ ತಾರೀಖಿಗೆ ಹಾಸನಕ್ಕೆ ಬಂದು ಹೋಗುವ ಹೊತ್ತಿಗೆ ಅಪ್ಪನ ಒಂದು ದಿನದ ಕೂಲಿ, ಮಗನ ಒಂದು ದಿನದ ಹಾಜರಿ ಎರಡೂ ಹೋಗಿರುತ್ತವೆ. ಆ ಗೈರನ್ನೂ ಅವನ ಲೆಕ್ಕಕ್ಕೇ ಬರೆಯುತ್ತೇವೆ.

ಚನ್ನರಾಯಪಟ್ಟಣದವರಿಗೆ ಒಂದು ನೆನಪು ಕೊಡುತ್ತೇನೆ. ನಿಮ್ಮ ತಾಲ್ಲೂಕಿನ ಸಂತೇಶಿವರದ ಹುಡುಗನೊಬ್ಬ, ಪ್ಲೇಗಿನಲ್ಲಿ ಮನೆಯವರನ್ನು ಕಳೆದುಕೊಂಡವನು, ಹೈಸ್ಕೂಲಿನ ದಿನಗಳಲ್ಲಿ ಓದು ಬಿಟ್ಟು ನೆಂಟನ ಜತೆ ಹೊರಟುಬಿಟ್ಟ. ಮುಂಬೈಯಲ್ಲಿ ರೈಲ್ವೆ ಕೂಲಿಯಾದ, ಸಾಧುಗಳ ಜತೆ ಅಲೆದ, ಆಮೇಲೆ ಮೈಸೂರಿಗೆ ಮರಳಿ ಓದು ಮುಂದುವರಿಸಿದ. ಅವರೇ ಕಾದಂಬರಿಕಾರ ಎಸ್. ಎಲ್. ಭೈರಪ್ಪನವರು. ಮುಂದೆ ಮೇಷ್ಟ್ರುಗಳನ್ನು ತಯಾರು ಮಾಡುವ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜಿನಲ್ಲೇ ಪಾಠ ಹೇಳಿದರು. ಅವರ ವಿಚಾರಗಳ ಜತೆ ಜಗಳವಾಡುವವರು ಇಲ್ಲಿ ಬಹಳ ಮಂದಿ ಇದ್ದೀರಿ, ನಾನೂ ಆಡಿದ್ದೇನೆ. ನನ್ನ ಪ್ರಶ್ನೆ ಬೇರೆ. ಮನೆ ಬಿಟ್ಟು, ರೈಲು ಹತ್ತಿ, ಒಂದು ವರ್ಷ ಅಲೆದು ಬಂದ ಹುಡುಗ ಇವತ್ತು ನಮ್ಮ ಶಾಲೆಯ ಗೇಟಿನ ಮುಂದೆ ನಿಂತರೆ ಒಳಗೆ ಬಿಡುತ್ತೇವೆಯೇ? ಹಿಂದಿನ ಟಿಸಿ ಎಲ್ಲಿ, ನಡತೆ ಪ್ರಮಾಣಪತ್ರ ಎಲ್ಲಿ ಅಂತ ಕೇಳಿ ಕಳಿಸುವುದಿಲ್ಲವೇ?

ಆಗಬೇಕಾದದ್ದು ದೊಡ್ಡ ಯೋಜನೆಯಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ 2013ರಲ್ಲಿ ನಮ್ಮ ಹೈಕೋರ್ಟ್ ಪತ್ರಿಕೆಯ ವರದಿ ನೋಡಿ ತಾನೇ ಪ್ರಕರಣ ಎತ್ತಿಕೊಂಡಿತ್ತು. ಏಳು ದಿನ ಸತತ ಬಾರದ ಮಗುವಿನ ಮನೆಗೆ ಹೋಗಬೇಕು ಎಂಬ ಮಾತು ಇಲಾಖೆಯ ಬಾಯಿಗೆ ಬಂದದ್ದು ಆಮೇಲೆ. ಅದೇ ಏಳನೇ ದಿನ, ಪರಿವೀಕ್ಷಣಾಧಿಕಾರಿಯ ನಮೂನೆಯಲ್ಲಿರುವ ಆ ಕಲಂ ಅನ್ನು ಮುಖ್ಯ ಶಿಕ್ಷಕರು ಮನೆಯಲ್ಲಿ ಕೂತು ತುಂಬಲಿ. ಉತ್ತರ ಬರೆಯುವಾಗ ಮಗುವಿನ ತರಗತಿ ಶಿಕ್ಷಕರು ಜತೆಗಿರದಿದ್ದರೆ ವಾಸಿ. ಮಗುವನ್ನು ತರಗತಿಯಿಂದ ಹೊರಕ್ಕೆ ಕಳಿಸಿದರೆ, ಅರ್ಧ ದಿನಕ್ಕಾದರೂ ಸರಿ, ಕಾರಣ ಬರೆದು ಸಹಿ ಹಾಕಲಿ, ತಿಂಗಳಿಗೊಮ್ಮೆ ಎಸ್‌ಡಿಎಂಸಿ ಅದನ್ನು ನೋಡಲಿ. ಸಹಿ ಹಾಕಬೇಕು ಅಂದಾಗಲೇ ಅರ್ಧ ಶಿಕ್ಷೆಗಳು ನಿಂತುಹೋಗುತ್ತವೆ ಎಂಬುದು ನನ್ನ ಅಂದಾಜು. ಸೊಪ್ಪಿನ ಕಾಲದಲ್ಲಿ ಅರಕಲಗೂಡಿನ ಶಾಲೆಗಳು ವೇಳೆ ಹೊಂದಿಸಿಕೊಳ್ಳಬಹುದೇ ಎಂಬುದನ್ನು ಆ ತಾಲ್ಲೂಕಿನವರೇ ಚರ್ಚಿಸಿ ಹೇಳಿ. ವಕೀಲ ಮಿತ್ರರಲ್ಲಿ ಒಂದು ವಿನಂತಿ: ಜಾಮೀನು ಸಿಕ್ಕ ದಿನ ಕೈ ತೊಳೆದುಕೊಳ್ಳಬೇಡಿ, ಶಾಲೆಗೆ ಮರುಸೇರ್ಪಡೆಗೆ ಮಂಡಳಿಯಿಂದ ಆದೇಶ ಕೇಳಿ ಪಡೆಯಿರಿ.

ನಿಮ್ಮ ಕೈಯಲ್ಲಿರುವ, ಈ ಸಭೆಯ ಕರಡು ನಿರ್ಣಯದ ಮೂರನೇ ಕಲಂನಲ್ಲಿ ‘ಒಂಬತ್ತನೇ ತರಗತಿಯ ಮಧ್ಯದಲ್ಲಿ, ಅನಿವಾರ್ಯ ಸಂದರ್ಭಗಳ ಹೊರತು, ಶಾಲೆಯೇ ಮುಂದಾಗಿ ಟಿಸಿ ಕೊಡಬಾರದು’ ಎಂದಿದೆ. ‘ಅನಿವಾರ್ಯ ಸಂದರ್ಭಗಳ ಹೊರತು’ ಎಂಬುದನ್ನು ತೆಗೆದುಹಾಕಬೇಕೆಂದು ಅಧ್ಯಕ್ಷನಾಗಿಯೇ ತಿದ್ದುಪಡಿ ಮಂಡಿಸುತ್ತಿದ್ದೇನೆ. ಒಪ್ಪದವರು ಮಧ್ಯಾಹ್ನದ ಗೋಷ್ಠಿಯಲ್ಲಿ ಮೊದಲು ಮಾತಾಡಲಿ. ಅನಿವಾರ್ಯ ಅಂದರೆ ಯಾವುದು ಎಂಬುದಕ್ಕೆ ತಮ್ಮ ಶಾಲೆಯದೇ ಒಂದು ಉದಾಹರಣೆ ಜತೆಗೆ ತರಲಿ.