ಇಪ್ಪತ್ತರ ರಕ್ತಕ್ಕೂ ಹೊಗೆ ಗೊತ್ತಾಗುತ್ತದೆ

2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಸಜ್ಜಾಗುತ್ತಿತ್ತು. ಕೆಟ್ಟು ಹೋಗಿದ್ದ ಗಾಳಿಯನ್ನು ಕ್ರೀಡಾಕೂಟದ ಹೊತ್ತಿಗಾದರೂ ತಿಳಿಗೊಳಿಸಬೇಕೆಂದು ಅಲ್ಲಿನ ಸರ್ಕಾರ ಹಲವು ಕಾರ್ಖಾನೆಗಳನ್ನು ಮುಚ್ಚಿಸಿತು. ಸಮ-ಬೆಸ ನಂಬರಿನ ಲೆಕ್ಕ ಹಿಡಿದು ದಿನಕ್ಕೆ ಅರ್ಧದಷ್ಟು ಕಾರುಗಳು ರಸ್ತೆಗಿಳಿಯದಂತೆ ತಡೆಯಿತು. ಅದೇ ಸಮಯದಲ್ಲಿ ಊರಿನ ಆಸ್ಪತ್ರೆಯೊಂದರ 125 ಮಂದಿ ಯುವ ವೈದ್ಯರ ರಕ್ತವನ್ನು ಸಂಶೋಧಕರು ಪರೀಕ್ಷಿಸಿದರು. ಆಟಕ್ಕೆ ಮೊದಲು ಒಮ್ಮೆ, ಆಟದ ದಿನಗಳಲ್ಲಿ ಒಮ್ಮೆ, ಎಲ್ಲ ಮುಗಿದು ಹೊಗೆ ಮತ್ತೆ ಮುಸುಕಿದಾಗ ಇನ್ನೊಮ್ಮೆ. ಬಹುತೇಕರು ಇಪ್ಪತ್ತರ ಹರೆಯದವರು, ಎಲ್ಲರೂ ಸಿಗರೇಟು ಮುಟ್ಟದವರು, ಗಟ್ಟಿಮುಟ್ಟಾಗಿದ್ದವರು. ಗಾಳಿ ತಿಳಿಯಾದ ಕೆಲವೇ ವಾರಗಳಲ್ಲಿ ಅವರ ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯ ಸೂಚಕಗಳು ಇಳಿದವು. ಕಾರುಗಳು ವಾಪಸು ಬಂದ ಮೇಲೆ ಮತ್ತೆ ಏರತೊಡಗಿದವು.

ಈ ಅಧ್ಯಯನವನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ಹೃದಯದ ಕಾಯಿಲೆ ಅಪ್ಪನ ವಯಸ್ಸಿನವರದು, ನಮಗೆ ಇನ್ನೂ ಬಹಳ ಕಾಲವಿದೆ ಎಂದುಕೊಂಡೇ ನೀವು ದಿನಾ ಬೈಕ್ ಹತ್ತುತ್ತೀರಿ. ಹೊಗೆ ಎಂದರೆ ಕೆಮ್ಮು, ಕಣ್ಣುರಿ, ಹೆಚ್ಚೆಂದರೆ ಆಸ್ತಮಾ ಎಂಬುದು ನಮ್ಮೆಲ್ಲರ ತಿಳಿವಳಿಕೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಹೊರಗಿನ ಗಾಳಿಯ ಮಾಲಿನ್ಯದಿಂದ ಜಗತ್ತಿನಲ್ಲಿ ಅಕಾಲಿಕವಾಗಿ ಸತ್ತ ಸುಮಾರು 42 ಲಕ್ಷ ಜನರಲ್ಲಿ ಮೂರನೇ ಎರಡು ಪಾಲಿನವರನ್ನು ಕೊಂಡೊಯ್ದದ್ದು ಹೃದಯದ ಕಾಯಿಲೆ ಮತ್ತು ಪಾರ್ಶ್ವವಾಯು. ಹೊಗೆ ಒಳಗೆ ಹೋಗುವುದು ಶ್ವಾಸಕೋಶದ ದಾರಿಯಲ್ಲಿ, ಅದರ ದೊಡ್ಡ ಪೆಟ್ಟು ಬೀಳುವುದು ರಕ್ತನಾಳಗಳ ಮೇಲೆ.

ಅದು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸೈಲೆನ್ಸರ್‌ನಿಂದ ಬರುವ ಕಣಗಳಲ್ಲಿ ಕಣ್ಣಿಗೆ ಕಾಣುವ ಮಸಿಯ ಅಪಾಯ ಕಡಿಮೆ, ಅದನ್ನು ಮೂಗು ಗಂಟಲುಗಳೇ ಬಹಳಷ್ಟು ತಡೆಯುತ್ತವೆ. ಕಾಡುವುದು 2.5 ಮೈಕ್ರಾನ್‌ಗಿಂತ ಚಿಕ್ಕ ಕಣಗಳು. ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲು ಎನ್ನಬಹುದಾದ ಗಾತ್ರ. ಅದಕ್ಕಿಂತಲೂ ಸಣ್ಣ, ಮೈಕ್ರಾನ್‌ನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕವೂ ಇವೆ. ಇವು ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳವರೆಗೆ ಇಳಿದು ಉರಿಯೂತ ಎಬ್ಬಿಸುತ್ತವೆ. ಆ ಉರಿಯೂತದ ರಾಸಾಯನಿಕಗಳು ರಕ್ತದಲ್ಲಿ ಮೈಯೆಲ್ಲ ಸುತ್ತುತ್ತವೆ. ರಕ್ತನಾಳದ ಒಳಪದರ ಬೇಕಾದಾಗ ಸಡಿಲಗೊಂಡು ದಾರಿ ಬಿಡುವ ಗುಣವನ್ನು ಕಳೆದುಕೊಳ್ಳುತ್ತ ಬರುತ್ತದೆ, ರಕ್ತದೊತ್ತಡ ಏರುತ್ತದೆ, ನಾಳದ ಗೋಡೆಯಲ್ಲಿ ಕೊಬ್ಬು ಸೇರುವುದು ಚುರುಕಾಗುತ್ತದೆ.

ಕಣಗಳು ತಾವೇ ರಕ್ತಕ್ಕೆ ಇಳಿಯುತ್ತವೆಯೇ? ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯದವರು ಇದನ್ನು ತಿಳಿಯಲು ಚಿನ್ನವನ್ನು ಬಳಸಿದರು. ಚಿನ್ನ ದೇಹದಲ್ಲಿ ಹಾನಿ ಮಾಡದು, ಎಲ್ಲಿದ್ದರೂ ಗುರುತು ಹಿಡಿಯಬಹುದು. ಆರೋಗ್ಯವಂತ ಸ್ವಯಂಸೇವಕರಿಗೆ ಚಿನ್ನದ ಅತಿಸೂಕ್ಷ್ಮ ಕಣಗಳನ್ನು ಉಸಿರಾಡಿಸಿದರು. ಒಂದು ದಿನದೊಳಗೆ ಆ ಚಿನ್ನ ಬಹುತೇಕರ ರಕ್ತದಲ್ಲಿ ಸಿಕ್ಕಿತು. ಮೂರು ತಿಂಗಳ ನಂತರವೂ ಇತ್ತು. ಕುತ್ತಿಗೆಯ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ ರೋಗಿಗಳಲ್ಲಿ ಅದು ಹೋಗಿ ಕೂತದ್ದು ನೇರವಾಗಿ ಕೊಬ್ಬು ಕಟ್ಟಿದ್ದ ಜಾಗದಲ್ಲೇ. 2017ರಲ್ಲಿ ಪ್ರಕಟವಾದ ಈ ಫಲಿತಾಂಶ ಓದಿದ ಮೇಲೆ ಲಾರಿಯ ಹಿಂದೆ ನಿಂತಾಗ ನನಗೆ ಉಸಿರು ಎಳೆಯುವುದೇ ಬೇರೆ ಥರ ಅನಿಸುತ್ತದೆ.

ಇದೇ ತಂಡದವರು ಹಿಂದೆ, ಹೃದಯಾಘಾತವಾಗಿ ಚೇತರಿಸಿಕೊಂಡಿದ್ದ 20 ಮಂದಿಯನ್ನು ತೆಳುವಾದ ಡೀಸೆಲ್ ಹೊಗೆಯಲ್ಲಿ ವ್ಯಾಯಾಮದ ಸೈಕಲ್ ತುಳಿಯಲು ಕೂರಿಸಿದ್ದರು. ಶುದ್ಧ ಗಾಳಿಯಲ್ಲಿ ತುಳಿದಾಗಿನದಕ್ಕಿಂತ ಅವರ ಹೃದಯಸ್ನಾಯುವಿಗೆ ರಕ್ತ ಸಾಲದ ಲಕ್ಷಣ ಇಸಿಜಿಯಲ್ಲಿ ಹೆಚ್ಚಾಗಿ ಕಂಡಿತು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸಲು ದೇಹ ತಾನೇ ಬಿಡುಗಡೆ ಮಾಡುವ ವಸ್ತುವಿನ ಪ್ರಮಾಣವೂ ಇಳಿದಿತ್ತು. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಹೃದಯಾಘಾತದಿಂದ ಬದುಕುಳಿದವರನ್ನು ವಿಚಾರಿಸಿದಾಗ, ಆಘಾತಕ್ಕೆ ಮುಂಚಿನ ಒಂದು ಗಂಟೆಯನ್ನು ಟ್ರಾಫಿಕ್‌ನಲ್ಲಿ ಕಳೆದಿದ್ದರೆ ಅಪಾಯ ಸುಮಾರು ಮೂರು ಪಟ್ಟು ಎಂದು ಲೆಕ್ಕಕ್ಕೆ ಬಂತು. ಅದರಲ್ಲಿ ಒತ್ತಡ, ಶಬ್ದದ ಪಾಲೂ ಇರಬಹುದು, ಹೊಗೆ ಒಂದೇ ಎನ್ನಲಾಗದು. ರಸ್ತೆಯ ಮೇಲೆ ಇವೆಲ್ಲ ಬೇರೆ ಬೇರೆಯಾಗಿ ಬರುವುದೂ ಇಲ್ಲ.

ಈಗ ನಮ್ಮೂರಿಗೆ ಬನ್ನಿ. ಬೆಂಗಳೂರಿನ ವಾಹನಗಳ ಸಂಖ್ಯೆ ಕೋಟಿ ದಾಟಿದೆ, ಬಹುಪಾಲು ದ್ವಿಚಕ್ರ. ಅಂದರೆ ಗಾಜು ಏರಿಸಿ ಕೂರುವ ಅವಕಾಶವಿಲ್ಲದವರೇ ಹೆಚ್ಚು. ಸಂಜೆ ಏಳರ ಸಿಗ್ನಲ್ಲಿನಲ್ಲಿ ಊಟದ ಡೆಲಿವರಿ ಹುಡುಗನೊಬ್ಬನನ್ನು ಗಮನಿಸಿ. ಹೆಲ್ಮೆಟ್ಟಿನ ಕೆಳಗೆ ಕರ್ಚೀಫ್ ಕಟ್ಟಿರುತ್ತಾನೆ, ಮೂಗಿನ ಹೊಳ್ಳೆಗಳ ಎದುರು ಎರಡು ಕಪ್ಪು ಗುರುತು ಬಿದ್ದಿರುತ್ತದೆ. ಆ ಬಟ್ಟೆ ಹಿಡಿದದ್ದು ದಪ್ಪ ಮಸಿಯನ್ನು ಮಾತ್ರ. ಸಣ್ಣ ಕಣಗಳು ನೇಯ್ಗೆಯ ಸಂದಿಯಲ್ಲಿ ಸಲೀಸಾಗಿ ನುಗ್ಗುತ್ತವೆ. ಅವನು, ಆಟೊ ಓಡಿಸುವ ಅಣ್ಣ, ವೃತ್ತದಲ್ಲಿ ನಿಂತ ಟ್ರಾಫಿಕ್ ಪೊಲೀಸ್, ರಸ್ತೆ ಗುಡಿಸುವ ಅಕ್ಕ ಇವರೆಲ್ಲ ದುಡಿಮೆಯ ಪ್ರತಿ ಗಂಟೆಯನ್ನೂ ಸೈಲೆನ್ಸರ್‌ಗಳ ಮಟ್ಟದಲ್ಲೇ ಕಳೆಯುತ್ತಾರೆ. ನಮ್ಮ ಮನೆ ಬಾಗಿಲಿಗೆ ಊಟ ತಲುಪಿಸುವವನ ರಕ್ತನಾಳದ ಲೆಕ್ಕ ಯಾರಾದರೂ ಇಡಬೇಡವೇ?

ಗಾಳಿ ಎಷ್ಟು ಸ್ವಚ್ಛವಿರಬೇಕು ಎಂಬ ಮಾನದಂಡವನ್ನೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 5 ಮೈಕ್ರೋಗ್ರಾಂ ಮೀರಬಾರದು ಎಂದಿತು. 2009ರಲ್ಲಿ ನಿಗದಿಯಾದ ನಮ್ಮ ದೇಶದ ಮಿತಿ 40. ಎಂಟು ಪಟ್ಟು. ಗಾಳಿಯ ಗುಣಮಟ್ಟ ತೋರಿಸುವ ಬೋರ್ಡಿನಲ್ಲಿ ಹಸಿರು ಬಣ್ಣ ಕಂಡ ಮಾತ್ರಕ್ಕೆ ಹೃದಯಕ್ಕೆ ಕ್ಷೇಮ ಎಂದುಕೊಳ್ಳಬೇಡಿ.

ತಮ್ಮಂದಿರೇ, ತಂಗಿಯರೇ, ಇದನ್ನು ಓದಿ ಹೆದರಿ ಕೂರಲೆಂದು ನಾನು ಬರೆಯುತ್ತಿಲ್ಲ. ಬೀಜಿಂಗಿನ ಆ ವೈದ್ಯರ ರಕ್ತ ಹೇಳಿದ್ದು ಎರಡು ಮಾತು. ಒಂದು ಕೆಟ್ಟದ್ದು, ಇನ್ನೊಂದು ತುಂಬ ಒಳ್ಳೆಯದು. ಗಾಳಿ ತಿಳಿಯಾದರೆ ದೇಹ ವರ್ಷಗಟ್ಟಲೆ ಕಾಯುವುದಿಲ್ಲ, ವಾರಗಳಲ್ಲೇ ಸ್ಪಂದಿಸುತ್ತದೆ. ಇಷ್ಟು ಬೇಗ ಫಲ ಕೊಡುವ ಹೋರಾಟ ಬೇರೆ ಎಷ್ಟಿವೆ?

ನಿಮ್ಮ ಮೈ ಕಾಯ್ದುಕೊಳ್ಳುವುದನ್ನು ಮೊದಲು ಮಾಡಿ. ಕರ್ಚೀಫ್ ಬಿಟ್ಟು ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಹಾಕಿ. ಅಂಥ ಮಾಸ್ಕ್ ಧರಿಸಿ ಬೀಜಿಂಗಿನ ಬೀದಿಗಳಲ್ಲಿ ನಡೆದವರ ರಕ್ತದೊತ್ತಡ ಕಡಿಮೆ ಇದ್ದುದನ್ನು ದಾಖಲಿಸಿದ್ದಾರೆ. ಬೆಳಿಗ್ಗೆ ಓಡುವವರು ರಿಂಗ್ ರಸ್ತೆಯ ಅಂಚು ಬಿಡಿ. ಲಂಡನ್ನಿನಲ್ಲಿ ಅರವತ್ತು ದಾಟಿದವರನ್ನು ಎರಡು ಗಂಟೆ ಹೈಡ್ ಪಾರ್ಕ್‌ನಲ್ಲಿ ನಡೆಸಿದಾಗ ಅವರ ರಕ್ತನಾಳಗಳ ಬಿಗಿತ ಇಳಿಯಿತು. ಡೀಸೆಲ್ ಬಸ್ಸು, ಟ್ಯಾಕ್ಸಿಗಳೇ ತುಂಬಿದ್ದ ಆಕ್ಸ್‌ಫರ್ಡ್ ಬೀದಿಯಲ್ಲಿ ಅಷ್ಟೇ ನಡೆದಾಗ ಆ ಲಾಭ ಹೆಚ್ಚುಕಡಿಮೆ ಮಾಯವಾಯಿತು. ವ್ಯಾಯಾಮ ಬಿಡಬೇಡಿ, ಬೀದಿ ಬದಲಿಸಿ. ಮುಖ್ಯರಸ್ತೆಯಿಂದ ಇನ್ನೂರು, ಮುನ್ನೂರು ಮೀಟರ್ ಒಳಗೆ ಹೋದರೆ ಅತಿಸೂಕ್ಷ್ಮ ಕಣಗಳು ಗಣನೀಯವಾಗಿ ಕಡಿಮೆಯಾಗುತ್ತವೆ.

ಅಷ್ಟಕ್ಕೇ ನಿಂತರೆ ಮಾಸ್ಕ್ ಕೊಳ್ಳಲಾರದವರನ್ನು ರಸ್ತೆಯಲ್ಲೇ ಬಿಟ್ಟು ಬಂದಂತಾಗುತ್ತದೆ. ಕಾಲೇಜು ಗೇಟಿನಲ್ಲಿ ಅರ್ಧ ಗಂಟೆ ಎಂಜಿನ್ ಆಡಿಸುತ್ತ ನಿಲ್ಲುವ ಬಸ್ಸುಗಳ ಬಗ್ಗೆ ಪ್ರಿನ್ಸಿಪಾಲರ ಬಳಿ ನಾಲ್ಕು ಜನ ಒಟ್ಟಿಗೆ ಹೋಗಿ. ಎಮಿಷನ್ ಟೆಸ್ಟ್ ಮಾಡಿಸುವಾಗ ಪೈಪನ್ನು ಸೈಲೆನ್ಸರಿಗೆ ಹಾಕಿಯೇ ಪರೀಕ್ಷಿಸಬೇಕೆಂದು ಪಟ್ಟು ಹಿಡಿಯಿರಿ. ಆ ಸರ್ಟಿಫಿಕೇಟು ಸೂಕ್ಷ್ಮ ಕಣಗಳನ್ನು ಅಳೆಯುವುದೇ ಇಲ್ಲ ಎಂಬುದೂ ನಿಮಗೆ ತಿಳಿದಿರಲಿ. ಬಸ್ಸು ಹತ್ತಿ, ಬಸ್ಸು ಸಾಲದಿದ್ದರೆ ಹೆಚ್ಚು ಬಸ್ಸು ಕೇಳಿ. ಎಲೆಕ್ಟ್ರಿಕ್ ಗಾಡಿ ಒಳ್ಳೆಯದೇ, ಆದರೆ ಟೈರು, ಬ್ರೇಕುಗಳ ದೂಳು ಅದರಿಂದಲೂ ಏಳುತ್ತದೆ. ರಸ್ತೆಯಲ್ಲಿ ಗಾಡಿಗಳ ಸಂಖ್ಯೆಯೇ ಇಳಿಯಬೇಕು.

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ನಮ್ಮ ರಾಜ್ಯದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಇವೆ. ನೀವು ಈ ಊರಿನವರಾದರೆ, ಬಂದ ಹಣವೆಷ್ಟು, ಯಾವುದಕ್ಕೆ ಖರ್ಚಾಯಿತು ಎಂದು ಪಾಲಿಕೆಯನ್ನು ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕನ್ನಡದಲ್ಲೇ ಬರೆಯಿರಿ, ಸ್ವೀಕೃತಿ ಪಡೆದುಕೊಳ್ಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ ಹಾಕಿ, ಹೋಗುವಾಗ ಗೆಳೆಯರನ್ನೂ ಕರೆದುಕೊಂಡು ಹೋಗಿ.